ಮಗಳು ಹಾಕಿದ ಫ್ಯಾನುಗಳು

ಫೋನು ಬಂದಾಗ ನಾನು ದೇವದುರ್ಗದ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಮಾನ್ವಿಯಿಂದ ಅಳಿಯನ ಹೆಂಡತಿ ಮಾಡಿದ್ದಳು. ನನ್ನ ಮಗಳಲ್ಲ. ನನ್ನ ಮಗಳು ಸತ್ತು ವರ್ಷದ ಮೇಲಾಗಿತ್ತು. ಇವಳು ಅಳಿಯ ಎರಡನೆಯದಾಗಿ ಮಾಡಿಕೊಂಡವಳು, ಕಲ್ಲೂರಿನವಳು.

"ಯವ್ವಾ, ಅಕ್ಕನ ಕಂಪ್ಯೂಟರ್ ಮತ್ತ ಬಂದ್ ಆತು," ಅಂದಳು. ನನ್ನ ಮಗಳನ್ನು ಅವಳು ಕಣ್ಣಿಂದ ನೋಡಿಲ್ಲ, ಆದರೂ ಅಕ್ಕ ಅನ್ನುತ್ತಾಳೆ. "ಲಗ್ನದ ವಿಡಿಯೋ ಹಚ್ಚಿದ್ದೆ. ಅರ್ಧಕ್ಕ ಬಂದ್ ಆಗಿ ಕುಂತದ."

"ಕಾಯ್ತದೇನು?"

"ಕೈ ಇಟ್ರ ಸುಡ್ತದ. ರೊಟ್ಟಿ ಹಂಚು ಆಗ್ಯದ."

"ರಿಪೇರಿ ಮಾಡಾಂವನ್ನ ಕರೀರಿ ಮತ್ತ."

"ಇವ್ರು ಬಿಚ್ಚಗೊಡಂಗಿಲ್ಲ. ಅಕ್ಕ ಹಾಕಿದ ಸ್ಕ್ರೂ ಯಾರೂ ಮುಟ್ಟಬಾರದಂತ." ದನಿ ಇಳಿಸಿದಳು. "ಓಣಿ ಮಂದಿ ಅಕ್ಕ ಕಾಡಾಕತ್ತಾಳ ಅಂತಾರ. ನಾ ಅಕಿ ಕುರ್ಚಿ ಮ್ಯಾಲ ಕುಂತದ್ದು ಅಕಿಗಿ ಸೇರವಲ್ಲದಂತ. ಇವ್ರೂ ನನ್ನ ಕಲ್ಲೂರಿಗಿ ಕಳಸೋ ಮಾತು ಆಡಾಕತ್ತಾರ. ಸ್ವಲ್ಪ ದಿನ ಇದ್ದು ಬಾ ಅಂತಾರ. ಕಳಿಸಿದ ಮ್ಯಾಲ ಯಾರು ಕರಕೊಂಡ್ ಬರ್ತಾರ ಯವ್ವಾ? ನೀವು ಒಮ್ಮಿ ಬರ್ರಿ."

"ನಾ ಬಂದು ಏನ್ ಮಾಡ್ಲಿ? ನಾ ಏನ್ ಎಂಜಿನಿಯರಾ?"

"ನೀವು ಬಂದ್ರ ಆಗ್ತದ. ಬ್ಯಾರೆ ಯಾರಿಂದನೂ ಆಗಂಗಿಲ್ಲ."

ಫೋನಿಟ್ಟೆ. ಮೊದಲು ಒಂಥರ ಹಿತವಾಯಿತು. ನನ್ನ ಮಗಳ ಮಿಷನ್ನು ಇನ್ನೊಬ್ಬಳ ಕೈಯಲ್ಲಿ ನಡೆಯುತ್ತಿಲ್ಲ ಎಂಬ ಹಿತ. ಅನಿಸಿದ್ದನ್ನು ಬರೆಯುತ್ತಿದ್ದೇನೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಓಣಿಯವರ ಮೇಲೆ. ನನ್ನ ಮಗಳು ಬದುಕಿದ್ದಾಗ ಒಂದು ನಾಯಿಗೂ ಕಲ್ಲು ಎಸೆದವಳಲ್ಲ. ಸತ್ತು ಇನ್ನೊಬ್ಬಳನ್ನು ಕಾಡುತ್ತಾಳಂತೆ. ಶೇಂಗಾ ಹಾಗೇ ಮುಚ್ಚಿಟ್ಟು ಸೀರೆ ಬದಲಿಸಿದೆ.

ಅಳಿಯ ನನ್ನ ಸ್ವಂತ ಅಣ್ಣನ ಮಗ. ಅದಕ್ಕೇ ಅವನನ್ನು ನಾನು ಏಕವಚನದಲ್ಲೇ ಬೈಯುತ್ತೇನೆ. ಲಗ್ನ, ಬಸುರಿಯ ಕುಬಸ, ಗೃಹಪ್ರವೇಶ, ಎಲ್ಲಕ್ಕೂ ಕ್ಯಾಮೆರಾ ಹೊತ್ತು ಹೋಗುವುದು ಅವನ ಕೆಲಸ. ತಂದದ್ದನ್ನು ಕತ್ತರಿಸಿ ಜೋಡಿಸಿ ಹಾಡು ಹಚ್ಚಿ ಕೊಡುವುದು ನನ್ನ ಮಗಳ ಕೆಲಸ. ಅದಕ್ಕೆ ಮಿಕ್ಸಿಂಗು ಅನ್ನುತ್ತಾರೆ. ಕ್ಯಾಮೆರಾದವನು ಊಟ ಮಾಡಿ ಬರುತ್ತಾನೆ, ಮಿಕ್ಸಿಂಗಿನವಳು ಆ ಊಟದವರ ಮುಖ ನೋಡುತ್ತ ಕೂರಬೇಕು. ಹಾಗಂತ ಅವಳೇ ನಗುತ್ತಿದ್ದಳು. ಮೊದಲಿದ್ದ ಹಳೆಯ ಕಂಪ್ಯೂಟರು ಪ್ರತಿ ಬೇಸಿಗೆ ಬಂದ್ ಬೀಳುತ್ತಿತ್ತು. ಲಗ್ನ ಇರುವುದೇ ಬೇಸಿಗೆಯಲ್ಲಿ. ನಮ್ಮ ಕಡೆಯ ಬೇಸಿಗೆ ನಿಮಗೆ ಹೇಳಬೇಕಿಲ್ಲ, ಮಧ್ಯಾಹ್ನ ಕೊಡದ ನೀರೂ ಬಿಸಿ. ನಮ್ಮ ಬಿಸಿಲಿಗೆ ತಕ್ಕ ಡಬ್ಬಿಯನ್ನು ನಾನೇ ಜೋಡಿಸುತ್ತೇನೆ ಎಂದು ಅವಳು ಹಟ ಹಿಡಿದಳು.

ರಾಯಚೂರಿಗೆ ನಾನೂ ಜೊತೆಗೆ ಹೋಗಿದ್ದೆ, ನನ್ನ ಕಣ್ಣು ತೋರಿಸುವುದಿತ್ತು. ಕಣ್ಣಿನದು ಬೇಗ ಮುಗಿಯಿತು, ಕಂಪ್ಯೂಟರ್ ಅಂಗಡಿಯದು ಮುಗಿಯಲಿಲ್ಲ. ಅಂಗಡಿಯವನು ಸಾಬರವನು, ಮೆಹಂದಿ ಹಚ್ಚಿದ ಗಡ್ಡ, ಒಳ್ಳೆಯ ಮಾತುಗಾರ. ಮುಂದೆಲ್ಲ ಗಾಜು ಇರುವ ಒಂದು ಡಬ್ಬಿ ತಂದಿಟ್ಟ. ಒಳಗೆ ಫ್ಯಾನುಗಳಿಗೆ ಬಣ್ಣಬಣ್ಣದ ದೀಪ, ಉರುಸಿನ ಅಂಗಡಿಯ ಹಾಗೆ.

"ಇದು ತಗೋ ಬೇಟಿ. ಎಲ್ಲಾರೂ ಇದೇ ಒಯ್ಯಾಕತ್ತಾರ. ನೋಡ್ಲಿಕ್ಕಿ ಹೆಂಗದ ನೋಡು."

"ಚಾಚಾ, ಮುಂದ ಗಾಜ್ ಹಾಕಿದ್ರ ಉಸಿರು ಎಲ್ಲಿಂದ ತಗೋಬೇಕದು?"

"ಬಾಜೂಕ ಸಂದಿ ಅದಲ್ಲ."

"ಆ ಸಂದಿಯಾಗ ನಿಮ್ಮ ಮೂಗು ಇಟ್ಟು ಒಂದು ತಾಸು ಕುಂದರ್ರಿ. ಆಮ್ಯಾಲ ಇದನ್ನ ಒಯ್ತೀನಿ."

ಅವನು ನನ್ನ ಕಡೆ ತಿರುಗಿದ. "ಅಮ್ಮಾ, ನೀವು ಚಾ ಕುಡೀರಿ. ನಿಮ್ಮ ಮಗಳು ನನ್ನ ದಿಮಾಕ್ ತಿಂದು ಹೋಗಾಕಿ ಅದಾಳ."

"ಮನ್ಯಾಗ ನನ್ನದು ಮುಗಿಸಿ ಬಂದಾಳ್ರೀ," ಅಂದೆ.

ಕೊನೆಗೆ ಮುಂದೆಲ್ಲ ತೂತು ಇರುವ, ಕರೀ ತಗಡಿನ, ಯಾವ ಸೊಗಸೂ ಇಲ್ಲದ ಡಬ್ಬಿ ಆರಿಸಿದಳು. ಮೇಲೂ ತೂತಿನ ಜಾಲರಿ. ನಾಲ್ಕು ಫ್ಯಾನು, ದೀಪ ಇಲ್ಲದವು, ಪ್ರತಿಯೊಂದಕ್ಕೂ ನಾಲ್ಕು ಎಳೆಯ ತಂತಿ. ಮೂರು ಎಳೆಯವು ಕಡಿಮೆಗೆ ಸಿಗುತ್ತವೆ ಎಂದು ಅವನು ಹೇಳಿದರೂ ಒಪ್ಪಲಿಲ್ಲ. ಎಷ್ಟು ಜೋರು ತಿರುಗಬೇಕು ಎಂದು ಕಂಪ್ಯೂಟರು ಫ್ಯಾನಿಗೆ ಹೇಳುವುದು ಆ ನಾಲ್ಕನೆಯ ಎಳೆಯಿಂದ ಎಂದು ಬಸ್ಸಿನಲ್ಲಿ ನನಗೆ ತಿಳಿಸಿ ಹೇಳಿದಳು. ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳಿಗೆ ಕೂಸು ಆಗಲಿಲ್ಲ. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ.

ಮಾನ್ವಿಯ ಮನೆಯಲ್ಲಿ ಬಂಡೆಯ ನೆಲದ ಮೇಲೆ ಸೀಮೆಸುಣ್ಣದಿಂದ ಡಬ್ಬಿಯ ಚಿತ್ರ ಬರೆದಳು. ಮುಂದೆ ಎರಡು ಫ್ಯಾನು, ಹಿಂದೆ ಒಂದು, ಮೇಲೆ ಒಂದು. ಗಾಳಿ ಹೋಗುವ ದಾರಿಗೆ ಬಾಣ.

"ಎಲ್ಲಾನೂ ಹೊರಗ ಒಗೀಲಿ ಬಿಡು," ಅಂದೆ ನಾನು. "ಕಾವು ಹೊರಗ ಹೋದ್ರ ಆತಲ್ಲ."

"ಯವ್ವಾ, ನಿನ್ನ ಅಡಿಗಿ ಮನ್ಯಾಗ ಬಾಗಿಲು ಹಾಕ್ಕೊಂಡು ಒಲಿ ಹಚ್ಚಿದ್ರ ಹೊಗಿ ಬೆಳಕಿಂಡ್ಯಾಗ ಹೋಗ್ತದೇನು?"

"ಇಲ್ಲ. ಮನಿ ತುಂಬ ಸುತ್ತತದ."

"ಬಾಗಿಲು ತಗದ್ರ?"

"ಮ್ಯಾಲ ಹೋಗ್ತದ."

"ಅಷ್ಟೇ ಇದು. ಒಳಗ ಬಂದ್ರೇ ಹೊರಗ ಹೋಗ್ತದ. ಬರೀ ಹೊರಗ ಒಗದ್ರ ಇದು ಸಿಕ್ಕ ಸಂದ್ಯಾಗೆಲ್ಲ ದೂಳು ಎಳಕೋತದ. ಅದಕ್ಕ ಬರೋದು ಒಂಚೂರು ಹೆಚ್ಚಿರಬೇಕು, ಹೋಗೋದು ಒಂಚೂರು ಕಡಿಮಿ. ಬರೋ ಬಾಗಿಲಿಗಿ ಮಾತ್ರ ಜಾಳಿಗಿ ಹಚ್ತೀನಿ. ದೂಳು ಅಲ್ಲೇ ನಿಂದರ್ತದ."

ಹೋಗುವ ಫ್ಯಾನುಗಳನ್ನು ನಿಧಾನ, ಬರುವವನ್ನು ಜೋರು ಮಾಡಿದಳು. ನಾಲ್ಕನೆಯ ಎಳೆ ಇದ್ದದ್ದು ಅದಕ್ಕೆ. ಫ್ಯಾನಿನ ಯಾವ ಮೈ ಗಾಳಿ ಎಳೆಯುತ್ತದೆ, ಯಾವ ಮೈ ಒಗೆಯುತ್ತದೆ ಎನ್ನುವುದು ನನಗೆ ಬಹಳ ದಿನ ತಿಳಿಯಲಿಲ್ಲ. ಕಡ್ಡಿಗಳು ಅಡ್ಡ ಇರುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ. ಎಲ್ಲ ಕೂಡಿಸಿದ ಮೇಲೆ ಒಂದು ಊದುಬತ್ತಿ ಹಚ್ಚಿ ಡಬ್ಬಿಯ ಮುಂದೆ ಹಿಡಿದಳು. ಹೊಗೆ ನೇರ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದಲೂ ಮೇಲಿನಿಂದಲೂ ಬಂತು. ಅಳಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ದೇವ್ರು ಮಾಡಿ ಕುಂದರಿಸಿದಿ ಬಿಡು ಇದಕ್ಕ," ಅಂದ.

"ನಿನಗಿಂತ ಚಲೋ ದೇವ್ರಿದು. ಕೇಳಿದ್ದು ಕೊಡ್ತದ," ಅಂದಳು.

ಆಮೇಲೆ ಪರದೆಯ ಮೇಲೆ ಒಂದು ಗೆರೆ ಎಳೆಯುವ ಕೆಲಸ. ಇಷ್ಟು ಕಾವಿಗೆ ಫ್ಯಾನು ಇಷ್ಟು ಜೋರು ಎಂದು ಹೇಳುವ ಗೆರೆ. ನನಗೆ ಇಂಗ್ಲಿಷ್ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ, ಆದ್ದರಿಂದ ನೋಡುತ್ತ ಕೂತೆ. ಕಂಪನಿಯವರು ಹಾಕಿ ಕಳಿಸಿದ ಗೆರೆ ಯಾವುದೋ ಥಂಡಿ ದೇಶದ್ದು. ಐವತ್ತು ಡಿಗ್ರಿಗೇ ಅಂಜಿ ಕೂಗುತ್ತಿತ್ತು. ನಮ್ಮಲ್ಲಿ ಕೋಣೆಯೇ ನಲವತ್ತು ದಾಟುತ್ತದೆ. ಅವಳು ಗೆರೆಯನ್ನು ಅರವತ್ತರ ತನಕ ಸಮ ಎಳೆದು ಅಲ್ಲಿಂದ ಏರಿಸಿದಳು. ಕಾವು ಒಂಚೂರು ಹೆಚ್ಚಾದರೆ ಬುಸ್ ಅನ್ನುವುದು, ಕಡಿಮೆಯಾದರೆ ಸುಮ್ಮನಾಗುವುದು, ಮತ್ತೆ ಬುಸ್ ಅನ್ನುವುದು, ಅದೊಂದು ಕಾಟ ಇತ್ತು. ಅದಕ್ಕೂ ಸ್ವಲ್ಪ ತಡೆದು ಏರು, ತಡೆದು ಇಳಿ ಎಂದು ಕಲಿಸಿದಳು. ಸಿಟ್ಟಿನ ಗಂಡಸಿಗೆ ಕಲಿಸಿದ ಹಾಗೆ. ಆ ಬೇಸಿಗೆ ಅದು ಒಂದು ಸಲವೂ ನಿಲ್ಲಲಿಲ್ಲ.

ಅಮಾವಾಸ್ಯೆಗೊಮ್ಮೆ ಬಿಚ್ಚಿ ತೊಳೆಯುವಳು. ಗಂಡಸರು ಅಮಾವಾಸ್ಯೆಗೆ ಗಾಡಿ ತೊಳೆದು ಕಾಯಿ ಒಡೆಯುತ್ತಾರಲ್ಲ, ಅವಳು ಅವತ್ತು ಜಾಳಿಗೆ ತೊಳೆಯುತ್ತಿದ್ದಳು. ಸೈಕಲ್ ಪಂಪಿನಿಂದ ಗಾಳಿ ಹೊಡೆಯಲು ನಾನು ಬೇಕಿತ್ತು. ನಾನು ಮಾನ್ವಿಗೆ ಹೋಗುವುದೂ ಅಮಾವಾಸ್ಯೆಗೇ ಆಯಿತು. "ರೆಕ್ಕಿ ಬಟ್ಟಿಲೆ ಹಿಡಕೊಂಡು ಊದಬೇಕು ಯವ್ವಾ, ಬರೇ ಊದಿದ್ರ ಗಿರಗಿರ ತಿರುಗಿ ಕೆಡ್ತದ," ಎಂದು ಪ್ರತಿ ಸಲ ಹೇಳುತ್ತಿದ್ದಳು. ಗೊತ್ತದ ಬಿಡಬೇ ಅನ್ನುತ್ತಿದ್ದೆ.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಅಂದರು. ರಾಯಚೂರಿನ ದವಾಖಾನೆಯಲ್ಲಿ ಇಟ್ಟರು. ನಾನು ಅವಳಿಗೆ ಎಳನೀರು ತರಲು ಕೆಳಗೆ ಇಳಿದಿದ್ದೆ. ಮೇಲೆ ಬರುವಷ್ಟರಲ್ಲಿ ಅಳಿಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಎಳನೀರನ್ನು ಏನು ಮಾಡಿದೆನೋ ನೆನಪಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ವರ್ಷ ತುಂಬುವ ಮೊದಲೇ ಅವನಿಗೆ ಇನ್ನೊಂದು ಲಗ್ನ ಮಾಡಿದರು. ನಾನೇ ಮಾಡಿ ಅಂದೆ. ಗಂಡಸು ಒಬ್ಬನೇ ಇದ್ದರೆ ಮನೆ ನಾರುತ್ತದೆ. ನಮ್ಮಲ್ಲಿ ಎರಡನೆಯವಳಿಗೆ ಸತ್ತವಳ ತಾಯಿಯೇ ಸೀರೆ ಉಡಿಸಿ ಉಡಿ ತುಂಬಬೇಕು. ಅವತ್ತಿನಿಂದ ಅವಳಿಗೆ ಇದೂ ಒಂದು ತವರು. ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಅವಳ ತಾಳಿಯ ಜೊತೆ ಪೋಣಿಸುತ್ತಾರೆ. ಆ ಬಿಲ್ಲೆಗೆ ಸವತಿ ಅನ್ನುತ್ತಾರೆ. ಅದನ್ನು ಪೋಣಿಸಿದವಳು ನಾನು. ಹುಡುಗಿಯ ಕುತ್ತಿಗೆ ಬೆವತಿತ್ತು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ, ಅವಳೇ ಇಸಕೊಂಡು ಪೋಣಿಸಿ ನನ್ನ ಕೈಗೆ ಕೊಟ್ಟಳು.

ಆಮೇಲೆ ನಾನು ಆ ಮನೆಗೆ ಹೋಗಿರಲಿಲ್ಲ. ಕರೆದಿದ್ದರು. ಮೊಣಕಾಲು ನೋವು ಎಂದು ಹೇಳಿದ್ದೆ.

ಈಗ ಹೋದೆ. ಬಸ್ಸು ಇಳಿದು ಮನೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಳಿಯ ಪೋತ್ನಾಳದಲ್ಲಿ ಲಗ್ನ ತೆಗೆಯಲು ಹೋಗಿದ್ದ. ಹುಡುಗಿ ನೀರು ಕೊಟ್ಟಳು. ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತೆ.

ನನ್ನ ಮಗಳು ಆ ಡಬ್ಬಿಯನ್ನು ಗೋಡೆಯಿಂದ ಮೊಳ ದೂರ ಸ್ಟೂಲಿನ ಮೇಲೆ ಇಟ್ಟಿದ್ದಳು. ಅದು ಈಗ ಮೂಲೆಯಲ್ಲಿತ್ತು, ಬೆನ್ನು ಗೋಡೆಗೆ ಅಂಟಿಕೊಂಡು. ದೇವರನ್ನು ಗೋಡೆಗೆ ಹಚ್ಚಿ ಕೂರಿಸುತ್ತಾರಲ್ಲ, ಹಾಗೆ. ಅಳಿಯ ಅದರ ಕೆಳಗೆ ಕೆಂಪು ಬಟ್ಟೆ ಹಾಸಿದ್ದ. ಮುಂದಿನ ಜಾಲರಿಗೆ ವಿಭೂತಿಯ ಮೂರು ಬಟ್ಟು, ಕುಂಕುಮ. ಜಾಲರಿಯ ಎದುರಿಗೇ ಊದುಬತ್ತಿಯ ಸ್ಟ್ಯಾಂಡು, ಬೂದಿ ಗುಡ್ಡೆಯಾಗಿತ್ತು. ಪಕ್ಕದಲ್ಲಿ ಕಿಟಕಿಗೆ ಇಡುವ ನೀರಿನ ಕೂಲರನ್ನು ತಂದು ಡಬ್ಬಿಯ ಕಡೆ ಮುಖ ಮಾಡಿ ಇಟ್ಟಿದ್ದ. ಹಸಿ ಗಾಳಿ ಬಡಿದು ಬಡಿದು ತಗಡಿನ ಮೇಲೆ ನಮ್ಮ ಸವಳು ನೀರಿನ ಬಿಳಿ ಕೂತಿತ್ತು. ಸ್ಕ್ರೂಗಳು ಜಂಗು ಹಿಡಿದಿದ್ದವು.

ಡಬ್ಬಿಯ ಮೇಲೆ ನನ್ನ ಮಗಳು ಇದ್ದಳು.

ದೊಡ್ಡ ಫೋಟೋ. ಗಾಜು, ಕಟ್ಟಿಗೆಯ ಚೌಕಟ್ಟು. ಅವನೇ ತೆಗೆದದ್ದು, ಯಾರದೋ ಲಗ್ನದಲ್ಲಿ, ಅವಳು ಏನೋ ಹೇಳಹೋಗಿ ನಗುತ್ತಿರುವುದು. ಕಾಲು ಹಚ್ಚಿ ನಿಲ್ಲಿಸಿದ್ದರೂ ಆಗುತ್ತಿತ್ತು. ಬೀಳಬಾರದೆಂದು ಅಂಗಾತ ಮಲಗಿಸಿ ತಲೆಯ ಕಡೆ ಮಾತ್ರ ಒಂಚೂರು ಎತ್ತಿ ಗೋಡೆಗೆ ಒರಗಿಸಿದ್ದ. ಮೇಲಿನ ಜಾಲರಿ ಪೂರ್ತಿ ಮುಚ್ಚಿತ್ತು. ಒಣಗಿದ ಚೆಂಡುಹೂವಿನ ಎಸಳು ಜಾಲರಿಯ ತೂತುಗಳಲ್ಲಿ ಸಿಕ್ಕಿಕೊಂಡಿದ್ದವು.

ಬರುವ ದಾರಿಗೆ ಬೂದಿ. ಹಿಂದಿನ ದಾರಿಗೆ ಗೋಡೆ. ಮೇಲಿನ ದಾರಿಗೆ ಅವಳೇ.

"ಹಚ್ಚು," ಅಂದೆ. ಹುಡುಗಿ ಮಿಷನ್ನು ಹಚ್ಚಿದಳು. ಮುಂದಿನ ಎರಡು ಫ್ಯಾನೂ ಶುರುವಿನಿಂದಲೇ ಕಿರಿಚತೊಡಗಿದವು. ಸ್ವಲ್ಪ ಹೊತ್ತು ನಡೆಯಲು ಬಿಟ್ಟು ಫೋಟೋದ ಅಂಚಿನಲ್ಲಿ ಅಂಗೈ ಇಟ್ಟೆ. ಗಾಜು ಬಿಸಿ. ಗಾಳಿ ಇಲ್ಲ.

"ಇದು ಇಲ್ಲಿ ಇಟ್ಟಾಗಿಂದ ಬಂದ್ ಆಗಾಕತ್ತದೇನು?"

ಅವಳು ತಲೆ ಬಗ್ಗಿಸಿದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ಯವ್ವಾ."

"ಮತ್ತ ಹೇಳಬಾರದಾ ಅವನಿಗಿ?"

"ಏನಂತ ಹೇಳ್ಲಿ?" ಅಂದಳು. ಮೊದಲ ಸಲ ದನಿ ಏರಿತು. "ಅಕ್ಕನ ಫೋಟೋ ತಗೀರಿ ಅಂತ ನಾ ಹೇಳ್ಲೇನು? ಮೊನ್ನಿ ಬಂದಾಕಿ ನಾ. ಕುರ್ಚಿ ತಗೊಂಡ್ಲು, ಈಗ ಫೋಟೋನೂ ತಗಸಾಕತ್ತಾಳ ಅಂತಾರ. ಒಮ್ಮಿ ಒಂದು ಬೆರಳು ಸರಿಸಿದ್ದೆ, ಅಷ್ಟೇ. ಇವ್ರು ಆ ದಿನ ಉಣ್ಣಲಿಲ್ಲ. ಸರಿಸಿದ್ದು ಯಾಕ ಅಂತನೂ ಕೇಳಲಿಲ್ಲ. ಅದೇ ಸಂಜಿ ಕಲ್ಲೂರಿನ ಮಾತು ಬಂತು."

"ಅದಕ್ಕ ನನ್ನ ಕರದಿ."

"ನಿಮ್ಮ ಮಗಳ್ರೀ. ನೀವು ತಗೀಬಹುದು. ನಾ ತಗೀಲಿಕ್ಕಿ ಬರಂಗಿಲ್ಲ."

ನಾನು ಖಾಲಿ ಸ್ಟೂಲಿನ ಮೇಲೆ ಕೂತೆ. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಈ ಹುಡುಗಿ ಜಾಣೆ ಎಂದು ತಿಳಿಯಿತು. ಫ್ಯಾನಿನ ಲೆಕ್ಕ ಅವಳಿಗೆ ಬಂದಿತ್ತು, ಮನೆಯ ಲೆಕ್ಕವೂ ಬಂದಿತ್ತು. ನನಗೆ ಇಷ್ಟವಾಗಲಿಲ್ಲ. ಆದರೆ ತಪ್ಪು ಹುಡುಕಿದರೂ ಸಿಗಲಿಲ್ಲ.

ಎದ್ದು ಫೋಟೋ ಎತ್ತಿದೆ. ಬಿಸಿ ಇತ್ತು, ಸೆರಗಿನಿಂದ ಹಿಡಿದು ಎತ್ತಿದೆ. ಎತ್ತಿದ ಕೂಡಲೇ ಕೆಳಗಿನಿಂದ ಕಾವು ಮುಖಕ್ಕೆ ಬಡಿಯಿತು, ಒಲೆಯ ಮೇಲಿನ ಮುಚ್ಚಳ ತೆಗೆದ ಹಾಗೆ. ಫೋಟೋವನ್ನು ಹಾಸಿಗೆಯ ಮೇಲೆ ಮುಖ ಮೇಲೆ ಮಾಡಿ ಮಲಗಿಸಿದೆ. ಹುಡುಗಿ ಮುಟ್ಟಲಿಲ್ಲ, ಸೆರಗು ತಲೆಗೆ ಹೊದ್ದು ಕೈ ಮುಗಿದು ನಿಂತಳು.

"ಕೈ ಮುಗದದ್ದು ಸಾಕು. ಸ್ಕ್ರೂ ಬಿಚ್ಚೋದು ತಗೊಂಬಾ," ಅಂದೆ.

ಸ್ವಿಚ್ಚು ಬಂದ್ ಮಾಡಿ ತಂತಿ ಕಿತ್ತೆವು. ಕೂಲರನ್ನು ಅದರ ಕಿಟಕಿಗೆ ತಿರುಗಿಸಿದೆವು. ಜಂಗು ಹಿಡಿದ ಸ್ಕ್ರೂಗಳಿಗೆ ಒಂದು ಹನಿ ಎಣ್ಣೆ ಬಿಟ್ಟು ಬಿಚ್ಚಿದೆವು. ಅವನು ಅಮಾವಾಸ್ಯೆ ತಪ್ಪಿಸಿರಲಿಲ್ಲ. ಕಾಯಿ ಒಡೆದಿದ್ದ, ಊದುಬತ್ತಿ ಹಚ್ಚಿದ್ದ. ಜಾಳಿಗೆ ಮಾತ್ರ ತೊಳೆದಿರಲಿಲ್ಲ. ಅದನ್ನು ತೆಗೆದು ಪೇಪರಿನ ಮೇಲೆ ಇಟ್ಟಾಗ ರಗ್ಗಿನ ಹಾಗೆ ದಪ್ಪ ಇತ್ತು. ಮೇಲೆ ಬೂದಿ. ಅದರ ಕೆಳಗೆ ಗುಂಗುರು ಕೂದಲು, ಈ ಹುಡುಗಿಯದು. ಇನ್ನೂ ಕೆಳಗೆ ದೂಳು ಗಟ್ಟಿಯಾಗಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಉದ್ದ ನೇರ ಕೂದಲು.

ತಲೆ ತೊಳೆದ ದಿನ ನನ್ನ ಮಗಳು ಕೂದಲು ಬಿಟ್ಟುಕೊಂಡೇ ಕೆಲಸಕ್ಕೆ ಕೂರುತ್ತಿದ್ದಳು. ಫ್ಯಾನು ಎಳೆದುಕೊಂಡಿದೆ. ಜ್ವರ ಬರುವ ಮೊದಲಿನ ಅಮಾವಾಸ್ಯೆಯಿಂದ ಇಲ್ಲಿಯೇ ಕೂತಿದೆ. ಒಂದು ಎಳೆ ಎಳೆದೆ, ಬರುತ್ತ ಹೋಯಿತು, ಬರುತ್ತ ಹೋಯಿತು. ನನ್ನ ಮೊಳಕೈ ಮುಟ್ಟಿತು. ಅವಳಿಗೆ ಎಣ್ಣೆ ಹಚ್ಚಿದ ಕೈ ನನ್ನದು, ಆ ಕೂದಲಿನ ಉದ್ದ ನನಗೆ ಗೊತ್ತು. ಆದರೂ ಹೀಗೆ ಒಂದೊಂದೇ ನೋಡಿರಲಿಲ್ಲ.

ಹುಡುಗಿ ಒಂದು ಗಂಗಾಳದಲ್ಲಿ ನೀರು, ಸೋಪಿನ ಪುಡಿ ಕದಡಿ ತಂದು ನನ್ನ ಮುಂದೆ ಇಟ್ಟು ಬೇರೆ ಕಡೆ ನೋಡುತ್ತ ನಿಂತಳು. ನಾನೇ ಮುಳುಗಿಸಬೇಕಿತ್ತು. ಮುಳುಗಿಸಿದೆ. ನೀರು ಕರಿಯದಾಯಿತು. ಹೊರಗೆ ಒಯ್ದು ಬೇವಿನ ಗಿಡದ ಬುಡಕ್ಕೆ ಚೆಲ್ಲಿ ಬಂದಳು. ಎರಡನೆಯ ನೀರು, ಮೂರನೆಯ ನೀರು. ಜಾಳಿಗೆ ಹೊಸದರ ಹಾಗೆ ಆಯಿತು. ಅದನ್ನು ಬಿಸಿಲಿಗೆ ಹಾಕಿ ನಾನು ಫ್ಯಾನುಗಳ ಕಡೆ ಬಂದೆ. ಬಣ್ಣ ಹಚ್ಚುವ ಬ್ರಶ್ಶಿನಿಂದ ದೂಳು ಕೆದರಿದೆ. ಹುಡುಗಿ ಸೈಕಲ್ ಪಂಪು ಹಿಡಿದಳು.

"ರೆಕ್ಕಿ ಬಟ್ಟಿಲೆ ಹಿಡಕೊ. ಬರೇ ಊದಿದ್ರ ಗಿರಗಿರ ತಿರುಗಿ ಕೆಡ್ತದ," ಅಂದೆ.

"ಹ್ಞೂಂ ಯವ್ವಾ," ಅಂದಳು. ಗೊತ್ತದ ಬಿಡಬೇ ಅನ್ನಲಿಲ್ಲ.

ಡಬ್ಬಿಯನ್ನು ಗೋಡೆಯಿಂದ ಮೊಳ ಮುಂದಕ್ಕೆ ಎಳೆದು ಸ್ಟೂಲಿನ ಮೇಲೆ ಇಡುತ್ತಿದ್ದಾಗ ಅಳಿಯ ಬಂದ. ಹೆಗಲಿಗೆ ಕ್ಯಾಮೆರಾದ ಚೀಲ, ಕಾಲಿಗೆ ಲಗ್ನದ ಮನೆಯ ಅಕ್ಷತೆ ಅಂಟಿಕೊಂಡಿತ್ತು. ನನ್ನನ್ನು ನೋಡಿ ಮುಖ ಅರಳಿತು. ಆಮೇಲೆ ಡಬ್ಬಿಯ ಮೇಲೆ ನೋಡಿದ.

"ಯಾರು ತಗದ್ರು?"

ಹುಡುಗಿ ಗೋಡೆಗೆ ಸರಿದಳು.

"ನಾ ತಗದೀನಿ," ಅಂದೆ.

"ಅತ್ತಿ, ನಿನಗ ಇಕಿ ಹೇಳಿಕೊಟ್ಟಾಳ."

"ನನಗ ಹೇಳಿಕೊಡಾಕಿ ಸತ್ತು ಹೋಗ್ಯಾಳ. ಇಕಿ ಏನ್ ಹೇಳಿಕೊಡ್ತಾಳ?"

"ಹಂಗಾರ ಯಾಕ ತಗದಿ? ನಿನ್ನ ಮಗಳಲ್ಲೇನು ಅಕಿ?"

"ನನ್ನ ಮಗಳು ಅಂತನೇ ತಗದೀನಿ. ಅಕಿ ಈ ಮಿಷನ್ನಿಗಿ ಉಸಿರಾಡೋ ದಾರಿ ಮಾಡಿದ್ಲು. ನೀ ಅಕಿನ್ನೇ ತಂದು ದಾರಿ ಮ್ಯಾಲ ಮಲಗಿಸೀದಿ. ಅದು ಬಂದ್ ಬಿದ್ದಾಗೆಲ್ಲ ಓಣಿ ಮಂದಿ ಏನಂತಾರ ಕೇಳೀಯೇನು? ಅಕಿ ಕಾಡಾಕತ್ತಾಳಂತ. ದೆವ್ವ ಅಂತಾರೋ ಮಗನ ನನ್ನ ಮಗಳಿಗಿ! ನೀ ಆ ಮಾತು ನಂಬಿ ಈ ಹುಡುಗೀನ್ನ ಊರಿಗಿ ಕಳಸಾಂವ."

"ನಾ ನಂಬಿಲ್ಲ..."

"ನಂಬಿಲ್ಲಂದ್ರ ಯಾಕ ಕಳಸ್ತಿ?"

ಅವನು ಚೀಲ ಇಳಿಸಿ ಹಾಸಿಗೆಯ ಮೇಲೆ ಫೋಟೋದ ಪಕ್ಕ ಕೂತ. ಗಾಜಿನ ಮೇಲೆ ಅಂಗೈ ಇಟ್ಟ.

"ಅದು ಕಾವಿರ್ತಿತ್ತು ಅತ್ತಿ. ಮುಂಜಾನಿ ಊದಬತ್ತಿ ಹಚ್ಚುವಾಗ ಕೈ ಇಟ್ರ ಬೆಚ್ಚಗಿರ್ತಿತ್ತು ಫೋಟೋ."

ಹುಡುಗಿಯೂ ಕೇಳಿಸಿಕೊಂಡಳು. ಅವಳ ಮುಖವನ್ನು ನಾನು ನೋಡಲಿಲ್ಲ. ನೋಡಬಾರದು ಅನಿಸಿತು. ಅವನು ಅಳತೊಡಗಿದ. ಗಂಡಸರಿಗೆ ಅಳಲು ಬರುವುದಿಲ್ಲ, ಕೆಮ್ಮಿದ ಹಾಗೆ ಅಳುತ್ತಾರೆ. ನಾನು ಅವನ ತಲೆಯ ಮೇಲೆ ಕೈ ಇಡಲಿಲ್ಲ. ಇಟ್ಟಿದ್ದರೆ ನಾನೂ ಕೂತುಬಿಡುತ್ತಿದ್ದೆ, ಆಮೇಲೆ ಡಬ್ಬಿ ಮುಚ್ಚುವವರು ಯಾರೂ ಇರುತ್ತಿರಲಿಲ್ಲ.

"ಮೊಳಿ ಹೊಡಿ ಹೊರಗಿನ ಮನ್ಯಾಗ," ಅಂದೆ. "ನಿಮ್ಮಪ್ಪನ ಫೋಟೋ ಬಾಜೂಕ. ಸತ್ತವರು ಗ್ವಾಡಿ ಮ್ಯಾಲ ಇರಬೇಕು. ಕೆಲಸ ಮಾಡೋ ಜಾಗದಾಗ ಅಲ್ಲ."

ಅವನು ಮೂಗು ಒರೆಸಿಕೊಂಡು ಎದ್ದ. ಸುತ್ತಿಗೆ ಸಿಗಲಿಲ್ಲ, ರುಬ್ಬುಗುಂಡು ತಂದು ಮೊಳೆ ಹೊಡೆದ. ಗೋಡೆಯ ಸುಣ್ಣ ಉದುರಿತು. ಮೊದಲ ಮೊಳೆ ಬಗ್ಗಿತು. ಎರಡನೆಯದು ನಿಂತಿತು. ನನ್ನ ಮಗಳು ನಮ್ಮ ಅಣ್ಣನ ಪಕ್ಕ, ಹಳೆಯ ಸತ್ತವರ ಸಾಲಿನಲ್ಲಿ ಹೋಗಿ ನಿಂತಳು. ಅವರೆಲ್ಲ ಗಂಟು ಮುಖದವರು. ಇವಳೊಬ್ಬಳೇ ನಗುತ್ತಿದ್ದಳು, ಯಾರ ಮಾತಿಗೋ.

ಒಣಗಿದ ಜಾಳಿಗೆಯನ್ನು ತಂದು ಕೂರಿಸಿದೆ. ಹುಡುಗಿ ಮಿಷನ್ನು ಹಚ್ಚಿದಳು. ಮೇಲಿನ ಜಾಲರಿಯ ಮೇಲೆ ಕೈ ಹಿಡಿದೆ, ಗಾಳಿ ಮೆತ್ತಗೆ ಬಂತು. ಹಿಂದೆಯೂ ಬಂತು. ಕಿರಿಚಾಟ ಇಲ್ಲ. ಪರದೆಯ ಮೇಲೆ ಆ ಗೆರೆ ಬಂದಾಗ ಗುರುತು ಹಿಡಿದೆ, ಅರವತ್ತರ ತನಕ ಸಮ, ಆಮೇಲೆ ಏರು. ಹುಡುಗಿ ಅದನ್ನೇ ನೋಡುತ್ತ ಕೂತಳು.

"ಯವ್ವಾ, ಈಗಿನ ವಿಡಿಯೋ ದೊಡ್ಡವು ಬರ್ತಾವ. ಕಾವು ಬೇಗ ಏರ್ತದ. ಇದನ್ನ ಸ್ವಲ್ಪ ಮೊದಲೇ ಏರಿಸಬೇಕು," ಅಂದಳು. ಅಂದು ನನ್ನ ಕಡೆ ನೋಡಿದಳು. ಅಪ್ಪಣೆ ಕೇಳುತ್ತಿದ್ದಳು.

ಅಳಿಯ ಬಾಗಿಲಲ್ಲಿ ನಿಂತಿದ್ದ. ಬೇಡ ಅನ್ನುತ್ತಾನೆ ಅಂದುಕೊಂಡೆ. ಅವನು ನನ್ನನ್ನು ನೋಡಿದ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಮಗಳ ಕೈಯದು ಅಂತ ಆ ಮನೆಯಲ್ಲಿ ಯಾರೂ ಮುಟ್ಟದೆ ಉಳಿದಿದ್ದದ್ದು ಆ ಗೆರೆ ಒಂದೇ.

"ಮಿಷನ್ ನಡಸಾಕಿ ನೀನು," ಅಂದೆ. "ನಿನಗ ಹೆಂಗ ಬೇಕೋ ಹಂಗ ಎಳಕೊ."

ಅವಳು ಎಳೆದಳು. ಒಂದು ಚುಕ್ಕೆ ಹಿಡಿದು ಸರಿಸಿದಳು, ಗೆರೆ ಬಗ್ಗಿತು, ಅಷ್ಟೆ. ಹಳೆಯದು ಎಲ್ಲಿಯೂ ಕಾಣಲಿಲ್ಲ.

ಆಮೇಲೆ ನಿಂತುಹೋಗಿದ್ದ ಆ ಲಗ್ನದ ವಿಡಿಯೋ ಹಚ್ಚಿದಳು. ನಾನು ರೊಟ್ಟಿ ಉಂಡೆ, ಒಂದು ಮಗ್ಗುಲು ಮಲಗಿ ಎದ್ದೆ. ಅದು ನಡೆದೇ ಇತ್ತು. ಅಳಿಯ ಅವಳ ಕುರ್ಚಿಯ ಹಿಂದೆ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತಿದ್ದ.

"ಆ ಮಾಲಿ ಹಾಕೋದು ಸ್ವಲ್ಪ ನಿಧಾನ ಬಿಡು ಲೇ," ಅಂದ.

"ನಿಧಾನ ಬಿಟ್ರ ಹಿಂದ ಹುಡುಗಿ ಮಾವ ಆಕಳಸೋದು ಕಾಣ್ತದ. ಅವನ ಬಾಯಾಗ ಹಲ್ಲು ಎಷ್ಟವ ಅಂತ ಎಣಸಬಹುದು. ನೀವು ಅವನ್ನ ಬಿಟ್ಟು ಮದುಮಗನ್ನ ತಗೀಬೇಕಿತ್ತು."

ಅವನು ನಕ್ಕ. ಜೋರಾಗಿ ಅಲ್ಲ, ಮೂಗಿನಲ್ಲಿ. ನಾನು ಆ ನಗೆ ಕೇಳಿ ಎಷ್ಟು ದಿನ ಆಗಿತ್ತೋ. ಹುಡುಗಿ ತಿರುಗಿ ನೋಡಲಿಲ್ಲ, ಆದರೆ ಅವಳ ಕಿವಿ ಕೆಂಪಾಯಿತು. ಕಲ್ಲೂರಿನ ಮಾತು ಇನ್ನು ಬರುವುದಿಲ್ಲ ಎಂದು ನನಗೆ ತಿಳಿಯಿತು. ಅವಳಿಗೂ ತಿಳಿಯಿತು.

ನಾನು ಚೀಲ ತೆಗೆದುಕೊಂಡೆ.

"ಇವತ್ತಿರ್ರಿ ಯವ್ವಾ," ಅಂದಳು ಹುಡುಗಿ, ಕೈ ಮೌಸಿನ ಮೇಲೆಯೇ.

"ಶೇಂಗಾ ಹಂಗ ಬಿಟ್ಟು ಬಂದೀನಿ. ಇಲಿ ತಿಂತಾವ. ದೇವದುರ್ಗದ ಬಸ್ ಎಷ್ಟೊತ್ತಿಗದ?"

"ಐದಕ್ಕೊಂದದ ಅತ್ತಿ," ಅಂದ ಅಳಿಯ, ಪರದೆಯಿಂದ ಕಣ್ಣು ತೆಗೆಯದೆ.

ಹಾಗೇ ಆಗಬೇಕಿತ್ತು. ಅದಕ್ಕೇ ಬಂದಿದ್ದೆ. ಹೊರಗಿನ ಮನೆ ದಾಟುವಾಗ ಗೋಡೆಯ ಕಡೆ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಹಿಡಿಯಿತು.